ಭೋಗ್ಯದ ದುಡ್ಡು ಪೂರ್ತಿ ವಾಪಸ್ ಬಂತು

ಹನ್ನೆರಡು ಲಕ್ಷಕ್ಕೆ ಹಾಕಿಕೊಂಡಿದ್ದ ಭೋಗ್ಯದ ಮನೆಯನ್ನು (ತಿಂಗಳ ಬಾಡಿಗೆ ಇಲ್ಲ, ಇಟ್ಟ ದುಡ್ಡು ಬಿಡುವಾಗ ವಾಪಸ್) ಹೋದ ತಿಂಗಳು ಬಿಟ್ಟೆ. ಒಂದು ರೂಪಾಯಿಯೂ ಮುರಿಯದೆ ದುಡ್ಡು ಕೈಸೇರಿತು. "ಕರಾರು ರಿಜಿಸ್ಟರ್ ಮಾಡಿಸ್ತೀನಿ ಅಂದ್ರೆ ಬೆಂಗಳೂರಲ್ಲಿ ಯಾವ ಓನರೂ ಮನೆ ಕೊಡಲ್ಲ" ಎಂದಿದ್ದ ಬ್ರೋಕರ್‌ಗಳಿಗೂ ನಮ್ಮ ಭಾವನಿಗೂ ಇದನ್ನು ಹೇಳಲೇಬೇಕು.

ಈ ಹಟ ಬಂದದ್ದು 2017ರ ಪೆಟ್ಟಿನಿಂದ. ಕೆಂಗೇರಿ ಕಡೆ ಆರು ಲಕ್ಷಕ್ಕೆ ಮನೆ ಹಾಕಿಕೊಂಡಿದ್ದೆ. ಹನ್ನೊಂದು ತಿಂಗಳ ಕರಾರು, ನೋಟರಿ ಸಹಿ, ಅಷ್ಟೇ. ಒಂದು ಸಂಜೆ ಬಂದು ನೋಡಿದರೆ ಬಾಗಿಲ ಮೇಲೆ ಬ್ಯಾಂಕಿನ ನೋಟಿಸ್. ಯುಗಾದಿಯ ತೋರಣ ಇನ್ನೂ ಒಣಗಿರಲಿಲ್ಲ, ಅದರ ಕೆಳಗೇ ಅಂಟಿಸಿದ್ದರು. ಓನರ್ ಸಾಲ ಕಟ್ಟಿರಲಿಲ್ಲ. ಸಾಲ ಕಟ್ಟದವರ ಆಸ್ತಿಯನ್ನು ಬ್ಯಾಂಕ್ ವಶಕ್ಕೆ ತೆಗೆದುಕೊಳ್ಳುವ ಸರ್ಫೇಸಿ ಕಾಯ್ದೆಯಲ್ಲಿ ಮನೆ ಬ್ಯಾಂಕಿನ ಪಾಲಾಯಿತು, ನಮ್ಮ ಕಾಗದವನ್ನು ಯಾರೂ ಕೇಳಲಿಲ್ಲ. ಎರಡು ವರ್ಷ ಅಲೆದು ಸಿಕ್ಕಿದ್ದು ಎರಡೂವರೆ ಲಕ್ಷ. ಹೆಂಡತಿಯ ಬಳೆಗಳೂ ಆ ದುಡ್ಡಿನಲ್ಲೇ ಹೋದವು.

ಆಮೇಲೆ ಬಾಡಿಗೆ ಮನೆ. ಅಲ್ಲೂ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು.

2022ರಲ್ಲಿ ಮತ್ತೆ ಹುಡುಕಲು ಶುರು ಮಾಡಿದೆ. ಇಸಿ ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಪ್ರಮಾಣಪತ್ರ. "ಇಸಿ ಕ್ಲಿಯರ್ ಇದೆ" ಅಂದರೆ ಈಗ ನಾನು ನಂಬುವುದಿಲ್ಲ. ಪತ್ರವನ್ನು ಬ್ಯಾಂಕಿನಲ್ಲಿ ಸುಮ್ನೆ ಇಟ್ಟು ಸಾಲ ಎತ್ತಿದ್ದರೆ, ಅದು ನೋಂದಣಿ ಆಗದ ಹೊರತು ಇಸಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಮೂಲ ಕ್ರಯಪತ್ರ ಕೈಗೆ ಕೊಡಿ ಅನ್ನುತ್ತಿದ್ದೆ. ಜೆರಾಕ್ಸ್ ತೋರಿಸಿದರೆ ಎದ್ದು ಬರುತ್ತಿದ್ದೆ. ಜೊತೆಗೆ ಬ್ಯಾಂಕುಗಳಿಗೆ ಅಡವಿಟ್ಟ ಆಸ್ತಿಗಳ ದಾಖಲೆ ಇರುವ ಸೆರ್ಸಾಯ್ ವೆಬ್‌ಸೈಟಿನಲ್ಲೂ ಹುಡುಕುತ್ತಿದ್ದೆ, ಅದಕ್ಕೆ ಚಿಲ್ಲರೆ ಕಾಸು ಸಾಕು. ಹೀಗೆ ಹದಿನಾಲ್ಕೋ ಹದಿನೈದೋ ಮನೆ ಬಿಟ್ಟೆ. ಮನೆಯಲ್ಲಿ ಎಲ್ಲರಿಗೂ ಬೇಸರ ಬಂದಿತ್ತು.

ಕೊನೆಗೆ ಸಿಕ್ಕ ಮನೆಯ ಮೇಲೂ ಸಾಲ ಇತ್ತು, ಸುಮಾರು ನಾಲ್ಕು ಲಕ್ಷ. ಆದರೆ ಓನರ್ ಮುಚ್ಚಿಡಲಿಲ್ಲ. ಮಗಳ ಮದುವೆಗೆ ದುಡ್ಡು ಬೇಕಿತ್ತು ಅವರಿಗೆ. ಆಗ ಒಂದು ಉಪಾಯ ಹೊಳೆಯಿತು. ನಾಲ್ಕು ಲಕ್ಷವನ್ನು ಅವರ ಕೈಗೆ ಕೊಡದೆ ನೇರ ಸಾಲದ ಖಾತೆಗೇ ಡಿಡಿ ಮಾಡಿದೆ. ಬ್ಯಾಂಕಿನಿಂದ ಪತ್ರ ಹೊರಬಂದ ಮೇಲೆ ಮೂರು ವರ್ಷದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಮಿಕ್ಕ ಎಂಟು ಲಕ್ಷ ಆರ್‌ಟಿಜಿಎಸ್ ಮಾಡಿದೆ. ಅವರ ಹೆಂಡತಿ, ಮಗ ಇಬ್ಬರ ಸಹಿಯೂ ಬಿತ್ತು. ಓಡಾಟ ಸೇರಿ ಮೂವತ್ತು ಸಾವಿರದ ಹತ್ತಿರ ಖರ್ಚಾಯಿತು, ಅರ್ಧರ್ಧ ಹಂಚಿಕೊಂಡೆವು. ದುಡ್ಡು ಪೂರ್ತಿ ಬರುವವರೆಗೆ ಮನೆ ನಮ್ಮ ಸ್ವಾಧೀನದಲ್ಲೇ ಎಂಬ ಸಾಲನ್ನು ನಾನೇ ಬರೆಸಿದ್ದು. ಇನ್ನೂ ಒಂದು ಷರತ್ತು ಇದೆ, ಅದಕ್ಕೆ ಅವರನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನ್ನಲ್ಲೇ ಇರಲಿ.

ಲೆಕ್ಕವನ್ನೂ ಹಾಕಿದ್ದೆ. ಹನ್ನೆರಡು ಲಕ್ಷ ಎಫ್‌ಡಿಯಲ್ಲಿದ್ದರೆ ಶೇ. 7ರಂತೆ ತಿಂಗಳಿಗೆ ಏಳು ಸಾವಿರ. ಅದೇ ಮನೆಗೆ ಬಾಡಿಗೆ ಹದಿನೆಂಟು ಸಾವಿರಕ್ಕೂ ಜಾಸ್ತಿ. ಉಳಿದ ದುಡ್ಡಲ್ಲಿ ಬಳೆ ಮತ್ತೆ ಮಾಡಿಸಿದೆ.

ಮನೆ ಬಿಡುವ ದಿನ ಸಾಮಾನು ಗಾಡಿಗೆ ಏರಿತ್ತು, ಬೀಗದ ಕೈ ನನ್ನ ಮುಷ್ಟಿಯಲ್ಲಿತ್ತು. ಫೋನಿಗೆ ಬ್ಯಾಂಕಿನ ಮೆಸೇಜ್ ಬಂತು. ಸೊನ್ನೆಗಳನ್ನು ಎರಡು ಸಲ ಎಣಿಸಿ ಬೀಗದ ಕೈ ಕೊಟ್ಟೆ. ಈಗ ಭಾವ ತನ್ನ ಮಗಳಿಗೆ ಮನೆ ನೋಡುತ್ತಿದ್ದಾನೆ. ಇಸಿ ಓದಲು ಭಾನುವಾರ ಬಾ ಎಂದು ಕರೆದಿದ್ದಾನೆ.