ಲಾಗ ಆಮೇಲೆ, ಮೊದಲು ಇಳಿಯುವುದು: ಬಳ್ಳಾರಿಯಲ್ಲಿ ಜಿಮ್ನಾಸ್ಟಿಕ್ಸ್ ಕಲಿಸುವ ನನ್ನ ಕ್ರಮ

ಮೊದಲು ನೆಲದ ಮಾತು. ಬಳ್ಳಾರಿ ಸುತ್ತ ಎರೆಯೂ (ಕಪ್ಪು ಮಣ್ಣು) ಇದೆ, ಮಸಾರಿಯೂ (ಕೆಂಪು ಮಣ್ಣು) ಇದೆ. ಬಯಲಲ್ಲೇ ಮ್ಯಾಟ್ ಹಾಸಬೇಕಾದರೆ ನಾನು ಎರೆ ನೆಲದ ಹತ್ತಿರ ಹೋಗುವುದಿಲ್ಲ. ಬೇಸಿಗೆಯಲ್ಲಿ ಅದು ಕಾಲ್ಬೆರಳು ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮೇಲೆ ಮ್ಯಾಟ್ ಇದ್ದರೆ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಕಾಲು ಹೊರಳಿದಾಗಲೇ ಗೊತ್ತಾಗುವುದು. ಮಸಾರಿ ನೆಲವನ್ನು ಕಲ್ಲು ಆಯ್ದು, ನೀರು ಹೊಡೆದು, ದಮ್ಮಸು ಮಾಡಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಶಾಲೆಯ ಸಭಾಂಗಣ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಫರಸಿ ನೆಲದ ಮೇಲೆ ಮ್ಯಾಟ್ ಜಾರುತ್ತದೆ. ಅಡಿಯಲ್ಲಿ ತೆಳ್ಳನೆಯ ರಬ್ಬರ್ ಶೀಟ್ ಹಾಸದೆ ಓಡಿ ಬಂದು ಮಾಡುವ ಯಾವ ಅಭ್ಯಾಸವನ್ನೂ ಶುರು ಮಾಡಬಾರದು.

ಸ್ಪರ್ಧೆಯ ಫ್ಲೋರ್, ಅಂದರೆ ನೆಲದ ಮೇಲಿನ ಆಟದ ಅಂಕಣ, 12 ಮೀಟರ್ ಉದ್ದ, 12 ಮೀಟರ್ ಅಗಲ. ಕಲಿಸುವುದಕ್ಕೆ ಅಷ್ಟು ಬೇಕಿಲ್ಲ. 12 ಮೀಟರ್ ಉದ್ದ, 2 ಮೀಟರ್ ಅಗಲದ ಒಂದು ಪಟ್ಟಿ, ಅದರ ಕೊನೆಗೆ ಜಿಗಿದು ಕಾಲೂರಿ ಇಳಿಯಲು ಒಂದು ದಪ್ಪ ಮ್ಯಾಟ್ ಇದ್ದರೆ ಎಂಟು ಮಕ್ಕಳ ಒಂದು ತಂಡಕ್ಕೆ ಸಾಕು. ಒಬ್ಬ ತರಬೇತುದಾರನ ಕಣ್ಣು ನಿಜವಾಗಿ ಕಾಯಬಲ್ಲದ್ದು ಎಂಟು ಮಕ್ಕಳನ್ನೇ. ಹನ್ನೆರಡಾದರೆ ಯಾರೋ ಒಬ್ಬರು ಹಿಂದೆ ನಿಂತು ತಮಗೆ ತೋಚಿದ್ದನ್ನು ಮಾಡಿ ನೋಡುತ್ತಿರುತ್ತಾರೆ.

ಇಳಿಯುವ ಮ್ಯಾಟನ್ನು ಗಾದಿ ಅಂಗಡಿಯಲ್ಲೇ ಹೊಲಿಸಬಹುದು, ಆದರೆ ಅವರು ಹೇಳಿದಂತೆ ಹೊಲಿಸಬಾರದು. ಮಲಗುವ ಗಾದಿಗೆ ಅವರು ಕೆಳಗೆ ಗಟ್ಟಿ ಫೋಮ್, ಮೇಲೆ ಮೆತ್ತನೆಯದು ಇಡುತ್ತಾರೆ. ನಮಗೆ ಬೇಕಾದದ್ದು ಅದರ ತಿರುವುಮುರುವು. ಕೆಳಗೆ 32 ಡೆನ್ಸಿಟಿಯ ಪಿಯು ಫೋಮ್ 6 ಇಂಚು, ಅದರ ಮೇಲೆ ಗಟ್ಟಿ ರೀಬಾಂಡೆಡ್ ಫೋಮ್ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿದ್ದು) 1 ಇಂಚು. ಮೇಲಿನ ಗಟ್ಟಿ ಪದರ ಬಿದ್ದ ಭಾರವನ್ನು ಅಗಲಕ್ಕೆ ಹರಡುತ್ತದೆ, ಕೆಳಗಿನ ಮೆತ್ತನೆಯದು ಅದನ್ನು ನುಂಗುತ್ತದೆ. ಮೆತ್ತನೆಯದೇ ಮೇಲಿದ್ದರೆ ಪಾದ ಒಳಗೆ ಹೂತು ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತಲೇ ಇರುತ್ತದೆ. ಆ ತಿರುಗುವಿಕೆಯನ್ನು ಹಿಮ್ಮಡಿ ಕೀಲೋ ಮೊಣಕಾಲೋ ತಡೆದುಕೊಳ್ಳಬೇಕಾಗುತ್ತದೆ. ಬಿದ್ದರೆ ನೋವಾಗದ ಮ್ಯಾಟ್ ಬೇರೆ, ನಿಂತು ಇಳಿಯುವ ಮ್ಯಾಟ್ ಬೇರೆ.

ಹೊದಿಕೆಗೆ ತಿಳಿ ಬಣ್ಣದ ದಪ್ಪ ರೆಕ್ಸಿನ್ ತೆಗೆದುಕೊಳ್ಳುತ್ತೇನೆ. ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ರೆಕ್ಸಿನ್ ಮೇಲೆ ಅಂಗೈ ಇಡಲು ಆಗುವುದಿಲ್ಲ. ಅಂಚಿನ ನಾಲ್ಕೂ ಕಡೆ ತಾಡಪತ್ರಿಗೆ ಹಾಕುವಂಥ ಐಲೆಟ್ ಹೊಡೆಸಬೇಕು. ಗಾಳಿ ಹೊರಹೋಗಲು ದಾರಿ ಇಲ್ಲದಿದ್ದರೆ ಪ್ರತಿ ಸಲ ಜಿಗಿದಾಗಲೂ ಹೊಲಿಗೆಯ ಮೇಲೆ ಒತ್ತಡ ಬಿದ್ದು ಬೇಗ ಬಾಯಿ ಬಿಡುತ್ತದೆ. ಎರಡು ಮ್ಯಾಟ್ ಜೋಡಿಸಿದ ಕಡೆ ಸಂದು ಬಿಡಬಾರದು. ಸಂದಿನ ಮೇಲೆ ಅಡ್ಡಲಾಗಿ ತೆಳು ಮ್ಯಾಟ್ ಹಾಕಿ ವೆಲ್ಕ್ರೋದಿಂದ ಹಿಡಿಸುತ್ತೇನೆ. ಮ್ಯಾಟಿನ ಪರೀಕ್ಷೆ ಸುಲಭ: ದೊಡ್ಡವರೊಬ್ಬರು ಅದರ ಮೇಲೆ ಒಂದೇ ಮೊಣಕಾಲೂರಿ ಪೂರ್ತಿ ಭಾರ ಬಿಟ್ಟಾಗ ಕೆಳಗಿನ ನೆಲ ತಾಗಿದ ಹಾಗಾದರೆ ಫೋಮ್ ಸತ್ತಿದೆ ಎಂದು ಅರ್ಥ. ಅಂಥದ್ದನ್ನು ಇಳಿಯುವುದಕ್ಕೆ ಬಳಸಬಾರದು.

ಖರ್ಚು ಉಳಿಸಲು ಭತ್ತದ ಹೊಟ್ಟಿನ ಚೀಲ ಬಳಸಬಹುದೇ ಎಂದು ಗಂಗಾವತಿ, ಸಿಂಧನೂರು ಕಡೆಯವರು ಕೇಳುತ್ತಾರೆ. ಬೇಡ. ತುಳಿತಕ್ಕೆ ಹೊಟ್ಟು ಅಮರಿ ಗಟ್ಟಿಯಾಗುತ್ತದೆ, ಚೀಲ ಹರಿದರೆ ದೂಳೂ ಹೌದು, ಜಾರಿಕೆಯೂ ಹೌದು. ನಮ್ಮಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಂದ ಸಿಗುವ ಚಿಂದಿಯನ್ನು ಒತ್ತಿ ತುಂಬಿ ಉರುಳಿಕೆಗೆ ಬೇಕಾದ ಇಳಿಜಾರಿನ ದಿಂಬು ಮಾಡಬಹುದು. ಎತ್ತರದ ಕಡೆ 20 ಸೆಂಟಿಮೀಟರ್ ಇದ್ದರೆ ಸಾಕು. ಇಳಿಯುವ ಮ್ಯಾಟಿಗೆ ಮಾತ್ರ ಚಿಂದಿ ಸಲ್ಲದು, ಅದು ಉಂಡೆಗಟ್ಟುತ್ತದೆ.

ಬೀಮ್, ಅಂದರೆ ಮೇಲೆ ನಡೆದು ಸಮತೋಲನ ತೋರಿಸುವ ತೊಲೆ, ಮಾಡಿಸುವುದು ಸುಲಭ. ಸ್ಪರ್ಧೆಯದ್ದು 5 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, 125 ಸೆಂಟಿಮೀಟರ್ ಎತ್ತರ. ಕಲಿಯುವವರಿಗೆ ಮುಖ್ಯವಾದದ್ದು ಅಗಲ ಒಂದೇ. ಸಾಮಿಲ್‌ನಲ್ಲಿ 4 ಇಂಚು ಚೌಕದ, 8 ಅಡಿ ಉದ್ದದ ತೊಲೆ ಕೊಯ್ಯಿಸಿ, ಕೆಳಗೆ ಮೂರು ಕಡೆ 40 ಸೆಂಟಿಮೀಟರಿನ ಅಡ್ಡಪಟ್ಟಿ ಕೊಟ್ಟು, ಸ್ಕ್ರೂಗಳನ್ನು ತಳದಿಂದಲೇ ಹೊಡೆಯಬೇಕು. ಚೆನ್ನಾಗಿ ಒಣಗಿದ ಮರವೇ ಬೇಕು. ಹಸಿ ಮರ ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಸೊಟ್ಟಗಾಗುತ್ತದೆ. ಮೇಲೆ ತೆಳು ಯೋಗ ಮ್ಯಾಟ್, ಅದರ ಮೇಲೆ ಬಿಗಿಯಾಗಿ ಎಳೆದ ಜೀನ್ಸ್ ಬಟ್ಟೆ, ಪಿನ್ ಎಲ್ಲವೂ ಅಡಿಭಾಗಕ್ಕೆ. ಬೆವರಿದ ಪಾದಕ್ಕೆ ಜೀನ್ಸ್ ಬಟ್ಟೆಯ ಹಿಡಿತ ರೆಕ್ಸಿನ್‌ಗಿಂತ ಎಷ್ಟೋ ಚೆಂದ.

ಹಿಡಿದು ಜೀಕುವ ಬಾರ್ ವಿಷಯದಲ್ಲಿ ಮಾತ್ರ ಊರಿನ ವೆಲ್ಡಿಂಗ್ ಅಂಗಡಿಯನ್ನು ನಾನು ನಂಬುವುದಿಲ್ಲ. ಪುರುಷರ ಹಾರಿಜಾಂಟಲ್ ಬಾರ್ 28 ಮಿಲಿಮೀಟರ್ ದಪ್ಪದ ಉಕ್ಕು. 1 ಇಂಚು ಎಂದು ಕೊಡುವ ಜಿಐ ಪೈಪಿನ ಹೊರ ಅಳತೆ 33 ಮಿಲಿಮೀಟರ್ ದಾಟುತ್ತದೆ, ಸಣ್ಣ ಮಕ್ಕಳ ಬೆರಳು ಸುತ್ತಿ ಬರುವುದಿಲ್ಲ. ಮೇಲಾಗಿ ಮತ್ತೆ ಮತ್ತೆ ಜೀಕಿದಾಗ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಎದೆಮಟ್ಟದ ಪೈಪಿನಲ್ಲಿ ನೇತಾಡಲಿ, ಕಾಲು ಎತ್ತಲಿ, ಅಷ್ಟೇ. ಸುತ್ತು ಹೊಡೆಯುವುದಕ್ಕೆ ಪ್ರಮಾಣಿತ ಬಾರ್ ಇರುವ ಕಡೆಗೇ ಕರೆದೊಯ್ಯಬೇಕು. ಕೈಗೆ ಹಚ್ಚುವುದು ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ. ಮುಖಕ್ಕೆ ಹಚ್ಚುವ ಪೌಡರ್ ಹಿಡಿತ ಕೊಡುವುದಿಲ್ಲ, ಜಾರಿಸುತ್ತದೆ.

ವೇಳೆ ಬೆಳಿಗ್ಗೆ 6ಕ್ಕೆ, ಇಲ್ಲವೇ ಸಂಜೆ 5.30ರ ಮೇಲೆ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಮುಚ್ಚುವಾಗ ಮಕ್ಕಳನ್ನು ತಗಡಿನ ಶೀಟಿನಡಿ ಮೂರು ಗಂಟೆಗೆ ಓಡಿಸುವುದು ತಪ್ಪು. ಒಂದು ಲೀಟರ್ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದ ಪಾನಕ ಪಕ್ಕದಲ್ಲೇ ಇರಬೇಕು. ಉಪ್ಪು ಹಾಕಿದ ಮಜ್ಜಿಗೆಯೂ ಆದೀತು. ಸಣ್ಣ ಮೈ ಇರಬೇಕೆಂದು ಮಕ್ಕಳ ಊಟ ಕಡಿಮೆ ಮಾಡಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಜೋಳದ ರೊಟ್ಟಿ, ಬೇಳೆ, ಶೇಂಗಾ, ಮೊಟ್ಟೆ, ಹಾಲು ಹೊಟ್ಟೆ ತುಂಬ ತಿನ್ನಲಿ. ಬೆಳೆಯುವ ಎಲುಬಿಗೆ ಅದೆಲ್ಲ ಬೇಕು.

ಒಂದೂವರೆ ಗಂಟೆಯನ್ನು ನಾನು ಹಂಚುವುದು ಹೀಗೆ: ಮೈ ಬೆಚ್ಚಗಾಗಿಸಲು 20 ನಿಮಿಷ, ಬಲಕ್ಕೆ 25, ಕೌಶಲಕ್ಕೆ 35, ಇಳಿಯುವ ಅಭ್ಯಾಸಕ್ಕೆ 10. ವಾರಕ್ಕೆ ನಾಲ್ಕು ದಿನ.

ಬಲದ ಅಭ್ಯಾಸದಲ್ಲಿ ಎರಡು ಆಕಾರಗಳಿಗೆ ಮಕ್ಕಳ ಬಾಯಲ್ಲಿ ಸುಲಭದ ಹೆಸರು ಕೊಟ್ಟಿದ್ದೇನೆ, ದೋಣಿ ಮತ್ತು ಬಿಲ್ಲು. ದೋಣಿ ಎಂದರೆ ಅಂಗಾತ ಮಲಗಿ ಸೊಂಟದ ಹಿಂಭಾಗವನ್ನು ನೆಲಕ್ಕೆ ಒತ್ತಿ, ಹೆಗಲನ್ನೂ ಕಾಲನ್ನೂ ನೆಲದಿಂದ ಸ್ವಲ್ಪವೇ ಎತ್ತಿ ಹಿಡಿಯುವುದು. ಬಿಲ್ಲು ಅದರ ವಿರುದ್ಧ, ಬೋರಲಾಗಿ. ತಲಾ 20 ಸೆಕೆಂಡಿನ ಮೂರು ಸರತಿ. ದೋಣಿಯಲ್ಲಿ ಬೆನ್ನಿನಡಿ ನನ್ನ ಅಂಗೈ ತೂರಿದರೆ ಆ ಸರತಿ ಲೆಕ್ಕಕ್ಕಿಲ್ಲ. ಹ್ಯಾಂಡ್‌ಸ್ಟ್ಯಾಂಡ್ (ಅಂಗೈ ಊರಿ ಕಾಲು ಮೇಲಾಗಿ ನಿಲ್ಲುವುದು) ಎಂದರೆ ಮೈ ನೆಟ್ಟಗಿಟ್ಟು ಆ ದೋಣಿಯನ್ನೇ ತಲೆಕೆಳಗು ಮಾಡಿದ್ದು. ಗರಡಿಗೆ ಹೋಗುವ ಮನೆಯ ಮಕ್ಕಳಿಗೆ ದಂಡ, ಬಸ್ಕಿಯ ಅಭ್ಯಾಸವಿರುತ್ತದೆ. ಅವರ ತೋಳು ಗಟ್ಟಿ, ಆದರೆ ಹೆಗಲು ಕಿವಿಗೆ ತಾಗುವಷ್ಟು ತೆರೆಯುವುದಿಲ್ಲ. ಅವರಿಗೆ ಹೆಗಲು ಎಳೆತ ಹೆಚ್ಚು, ದಂಡ ಕಡಿಮೆ.

ಹ್ಯಾಂಡ್‌ಸ್ಟ್ಯಾಂಡನ್ನು ಬೆನ್ನು ಗೋಡೆಗೆ ಕೊಟ್ಟು ಕಲಿಸುವ ರೂಢಿ ಎಲ್ಲ ಕಡೆ ಇದೆ. ನಾನು ಅದನ್ನು ಬಿಟ್ಟಿದ್ದೇನೆ. ಹಿಮ್ಮಡಿ ಗೋಡೆಗೆ ಒರಗಿದ ಕೂಡಲೆ ಸೊಂಟ ಬಾಳೆಕಾಯಿಯಂತೆ ಬಾಗುತ್ತದೆ, ಆ ಬಾಗನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ. ಹೊಟ್ಟೆ ಗೋಡೆಯ ಕಡೆ ಇರಲಿ. ಕಾಲಿನಿಂದ ಗೋಡೆ ಹತ್ತುತ್ತಾ ಕೈಗಳನ್ನು ಹತ್ತಿರ ತಂದು, ಕಾಲ್ಬೆರಳು ಮಾತ್ರ ಗೋಡೆಗೆ ತಾಗುವಂತೆ ನಿಲ್ಲಲಿ. ಬೆರಳು ಅಗಲಿಸಿ ನೆಲವನ್ನು ತಳ್ಳುತ್ತಿರಬೇಕು. ತಲೆ ಎತ್ತಿ ಮುಂದೆ ನೋಡಿದರೆ ಬೆನ್ನು ಬಾಗುತ್ತದೆ, ಹೆಗಲು ಪೂರ್ತಿ ತೆರೆಯದಿದ್ದರೆ ಎದೆ ಮುಂದೆ ಬೀಳುತ್ತದೆ. ಮೊದಲ ಗುರಿ ಹೀಗೆ 30 ಸೆಕೆಂಡು. ಮಣಿಕಟ್ಟು ನೋಯುತ್ತದೆ ಎಂದು ಮಗು ಹೇಳಿದರೆ ಆ ದಿನ ಕೈ ಮೇಲಿನ ಭಾರ ಪೂರ್ತಿ ನಿಲ್ಲಿಸಿ. ನೋವು ಒಂದು ವಾರ ಉಳಿದರೆ ಎಲುಬಿನ ವೈದ್ಯರಿಗೆ ತೋರಿಸಬೇಕು. ಮಕ್ಕಳ ಮಣಿಕಟ್ಟಿನ ಬಳಿ ಎಲುಬು ಬೆಳೆಯುವ ಭಾಗ ಇನ್ನೂ ಮೆದುವಾಗಿರುತ್ತದೆ.

ಮುಂದಕ್ಕೆ ಉರುಳುವುದನ್ನು ಕಲಿಸುವುದು ಇಳಿಜಾರಿನ ದಿಂಬಿನ ಮೇಲೆ. ಗದ್ದ ಎದೆಗೆ, ಭಾರ ಅಂಗೈಗೆ, ನೆಲಕ್ಕೆ ಮೊದಲು ತಾಗುವುದು ಹೆಗಲಿನ ಹಿಂಭಾಗ. ನೆತ್ತಿ ತಾಗುತ್ತಿದ್ದರೆ ಕೈ ಭಾರ ಹೊರುತ್ತಿಲ್ಲ ಎಂದೇ ಅರ್ಥ, ಮತ್ತೆ ತೋಳಿನ ಬಲಕ್ಕೆ ಹಿಂತಿರುಗಬೇಕು.

ಇನ್ನು ಇಳಿಯುವುದು. ನನ್ನ ಇಡೀ ಕ್ರಮ ನಿಂತಿರುವುದು ಇದರ ಮೇಲೆ. 30 ಸೆಂಟಿಮೀಟರ್ ಪೆಟ್ಟಿಗೆಯಿಂದ ಶುರು, ಆಮೇಲೆ 45, ಆಮೇಲೆ 60. ಪಾದಗಳ ನಡುವೆ ಸೊಂಟದಗಲ, ಮೊಣಕಾಲು ಬಾಗಿ ಪಾದದ ದಿಕ್ಕಿಗೇ ಇರಬೇಕು, ಒಳಕ್ಕೆ ವಾಲಬಾರದು. ಕೈ ಮುಂದೆ, ಕಣ್ಣು ಎದುರಿಗೆ. ಮೂರು ಎಣಿಸುವ ತನಕ ಕದಲಬಾರದು. ಪ್ರತಿ ದಿನ ಹದಿನೈದು ಸಲ. ಕಿವಿಯಿಂದಲೇ ಅರ್ಧ ತಪ್ಪು ಹಿಡಿಯಬಹುದು: ದಬ್ ಎಂದು ಜೋರು ಸದ್ದು ಬಂದರೆ ಮೊಣಕಾಲು ತಡವಾಗಿ ಬಾಗುತ್ತಿದೆ. ನೇರ ಜಿಗಿತ ಸರಿಯಾದ ಮೇಲೆ ಅರ್ಧ ತಿರುವು, ಆಮೇಲೆ ಪೂರ್ತಿ ತಿರುವು. ಜೊತೆಗೆ ಹಿಂದಕ್ಕೆ ಬೀಳುವುದನ್ನೂ ಕಲಿಸಬೇಕು. ಬೀಳುವಾಗ ಕೈ ಹಿಂದೆ ಊರಿದರೆ ಮೊಣಕೈ ಮುರಿಯುತ್ತದೆ. ಕೈ ಎದೆಗೆ ತಂದು, ಗದ್ದ ಒಳಗೆ ಎಳೆದು, ಬೆನ್ನಿನ ಮೇಲೆ ಉರುಳಬೇಕು.

ಕಾರ್ಟ್‌ವೀಲ್‌ಗೆ, ಅಂದರೆ ಗಾಡಿ ಚಕ್ರದಂತೆ ಪಕ್ಕಕ್ಕೆ ಕೈಯೂರಿ ಸುತ್ತುವುದಕ್ಕೆ, ನೆಲದ ಮೇಲೆ ಒಂದು ಗೆರೆ ಸಾಕು. "ಕೈ, ಕೈ, ಕಾಲು, ಕಾಲು" ಎಂದು ಬಾಯಲ್ಲಿ ಹೇಳಿಸುತ್ತಾ ಮಾಡಿಸುತ್ತೇನೆ, ನಾಲ್ಕೂ ಬೇರೆ ಬೇರೆ ಕೇಳಿಸಬೇಕು. ಹೆದರಿದ ಮಗು ಸೊಂಟ ಮಡಚಿ ಪಕ್ಕಕ್ಕೆ ಸುತ್ತಿ ಬರುತ್ತದೆ, ಅದಕ್ಕೆ ಬೈಗುಳ ಮದ್ದಲ್ಲ. ಗೋಡೆ ಹ್ಯಾಂಡ್‌ಸ್ಟ್ಯಾಂಡ್ ಇನ್ನೊಂದು ತಿಂಗಳು. ರೌಂಡ್ ಆಫ್ (ಕಾರ್ಟ್‌ವೀಲ್‌ನಂತೆ ಹೋಗಿ ಎರಡೂ ಕಾಲು ಜೋಡಿಸಿ ಇಳಿಯುವುದು) ಆಮೇಲೆ ತಾನಾಗಿ ಬರುತ್ತದೆ.

ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್‌ಗೆ (ಹಿಂದಕ್ಕೆ ಹಾರಿ ಕೈಯೂರಿ ಮತ್ತೆ ಕಾಲ ಮೇಲೆ ಬರುವುದಕ್ಕೆ) 200 ಲೀಟರಿನ ಖಾಲಿ ಪೀಪಾಯಿ ದೊಡ್ಡ ಉಪಕಾರಿ. ಒಳಗೆ ಆಯಿಲ್ ಅಥವಾ ರಾಸಾಯನಿಕದ ವಾಸನೆ ಇಲ್ಲದ್ದನ್ನು ಆರಿಸಿ, 1 ಇಂಚು ಫೋಮ್ ಸುತ್ತಿ ಕ್ಯಾನ್ವಾಸ್ ಹೊಲಿಸಿದರೆ ಆಯಿತು. ಮಗು ಅದಕ್ಕೆ ಬೆನ್ನು ಕೊಟ್ಟು ಕೈ ಎತ್ತಿ ಒರಗುತ್ತದೆ, ಇಬ್ಬರು ಎರಡು ಕಡೆಯಿಂದ ಪೀಪಾಯಿಯನ್ನು ನಿಧಾನ ಉರುಳಿಸಿ ಕೈ ಮೇಲೆ ತಂದು ನಿಲ್ಲಿಸುತ್ತಾರೆ. ಪೀಪಾಯಿ ತೆಗೆದ ಮೇಲೆ ಒಂದು ಕೈ ಸೊಂಟದ ಹಿಂದೆ, ಇನ್ನೊಂದು ತೊಡೆಯ ಹಿಂದೆ ಆಸರೆ. ಕುರ್ಚಿಯಲ್ಲಿ ಕೂರುವಂತೆ ಹಿಂದಕ್ಕೆ ಕೂರಬೇಕು. ಮೊಣಕಾಲು ಪಾದ ದಾಟಿ ಮುಂದೆ ಬಂದರೆ ಮಗು ಹಿಂದಕ್ಕೆ ಹೋಗದೆ ಮೇಲಕ್ಕೆ ಹಾರಿ ತಲೆ ಕೆಳಗಾಗಿ ಬೀಳುತ್ತದೆ. ಮೊಣಕೈ ಮಡಚಿದರೂ ಅದೇ ಗತಿ. ಆದ್ದರಿಂದ ಹ್ಯಾಂಡ್‌ಸ್ಟ್ಯಾಂಡಿನಲ್ಲಿ ಮೊಣಕೈ ಮಡಚದೆ ಹೆಗಲಿನಿಂದಲೇ ಹತ್ತು ಸಲ ನೆಲ ತಳ್ಳಬಲ್ಲವರಿಗೆ ಮಾತ್ರ ಇದು.

ಹಿಂದಕ್ಕೆ ಹೊಡೆಯುವ ಲಾಗಕ್ಕೆ ನನ್ನ ಬಳಿ ನಾಲ್ಕು ಷರತ್ತು: 60 ಸೆಂಟಿಮೀಟರಿನಿಂದ ಹತ್ತಕ್ಕೆ ಎಂಟು ಸಲ ಕದಲದೆ ಇಳಿಯಬೇಕು, ನಿಂತಲ್ಲೇ ಜಿಗಿದು ಮೊಣಕಾಲು ಎದೆಗೆ ತರಬೇಕು, ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಆಸರೆಯಿಲ್ಲದೆ ಬರಬೇಕು, ಮನೆಯವರಿಗೆ ಗೊತ್ತಿರಬೇಕು. ಮರಳಿನ ರಾಶಿಯ ಮೇಲೆ, ಅರ್ಧ ಹೂತ ಟೈರಿನಿಂದ ಹಾರಿ ಕಲಿಯುವ ಹುಡುಗರು ಊರೂರಲ್ಲಿದ್ದಾರೆ. ಧೈರ್ಯ ಅವರಲ್ಲಿ ಬೇಕಾದಷ್ಟಿದೆ. ಆದರೆ ಒದ್ದೆ ಮರಳು ಸಿಮೆಂಟಿನಷ್ಟೇ ಗಟ್ಟಿ, ಟೈರು ಪ್ರತಿ ಸಲ ಒಂದೇ ದಿಕ್ಕಿಗೆ ಚಿಮ್ಮಿಸುವುದಿಲ್ಲ. ಕುತ್ತಿಗೆಯ ಮೇಲೆ ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ, ಬೈಕಿನಲ್ಲಿ ಹೊತ್ತೊಯ್ಯಬೇಡಿ. ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು 108ಕ್ಕೆ ಫೋನ್ ಮಾಡಿಸಿ.

ಹೆಣ್ಣುಮಕ್ಕಳ ಉಡುಪಿನ ಬಗ್ಗೆ ತಾಯಂದಿರು ಕೇಳುತ್ತಾರೆ. ಪಾದದ ಗಂಟಿನ ತನಕ ಮುಚ್ಚುವ ಉಡುಪಿಗೆ ಅಂತರರಾಷ್ಟ್ರೀಯ ನಿಯಮದಲ್ಲೇ ಅವಕಾಶವಿದೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಮಹಿಳಾ ತಂಡ ಅದನ್ನೇ ಉಟ್ಟು ಆಡಿತು. ಮೈಗೆ ಅಂಟುವಂತಿದ್ದರೆ ಸಾಕು. ಸಡಿಲ ಅಂಗಿ ತಲೆಕೆಳಗಾದಾಗ ಕಣ್ಣು ಮುಚ್ಚುತ್ತದೆ, ಆಸರೆ ಕೊಡುವವರ ಬೆರಳಿಗೂ ಸಿಕ್ಕಿಕೊಳ್ಳುತ್ತದೆ.

ಅಂಕ ಹಾಕುವುದನ್ನು ಮಕ್ಕಳಿಗೂ, ನೋಡಲು ಬರುವ ಪಾಲಕರಿಗೂ ಕಲಿಸುತ್ತೇನೆ. ಎರಡು ಅಂಕಗಳ ಮೊತ್ತ ಅದು. ಕಠಿಣತೆಯ ಅಂಕ ಸೊನ್ನೆಯಿಂದ ಮೇಲೇರುತ್ತದೆ. ಅಚ್ಚುಕಟ್ಟಿನ ಅಂಕ 10ರಿಂದ ಕೆಳಗಿಳಿಯುತ್ತದೆ: ಸಣ್ಣ ತಪ್ಪಿಗೆ 0.1, ನಡುವಿನದಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ 1.0. ಫ್ಲೋರ್‌ನಲ್ಲಿ ಒಂದು ಮಗುವಿನ ಕಠಿಣತೆ 2.0 ಇದೆ ಎನ್ನಿ. ಕಾರ್ಟ್‌ವೀಲ್‌ನಲ್ಲಿ ಮಂಡಿ ಬಾಗಿತು, 0.3. ಹ್ಯಾಂಡ್‌ಸ್ಟ್ಯಾಂಡ್ ಓರೆಯಾಯಿತು, 0.3. ಇಳಿದಾಗ ಎರಡು ಸಣ್ಣ ಹೆಜ್ಜೆ, 0.2. ಅಚ್ಚುಕಟ್ಟು 9.2, ಮೊತ್ತ 11.2. ಎರಡೂ ಪಾದ ಗೆರೆ ದಾಟಿದ್ದರೆ ಕೊನೆಯ ಮೊತ್ತದಿಂದ ಇನ್ನೊಂದು 0.3 ಹೋಗಿ 10.9.

ತ್ರಿಪುರದ ದೀಪಾ ಕರ್ಮಾಕರ್ 2016ರ ರಿಯೊ ಒಲಿಂಪಿಕ್ಸ್ ವಾಲ್ಟ್ (ಓಡಿ ಬಂದು ಮೇಜಿನಂಥ ಸಾಧನದ ಮೇಲೆ ಕೈಯೂರಿ ಹಾರುವುದು) ಫೈನಲ್‌ನಲ್ಲಿ ನಾಲ್ಕನೆಯವರಾದದ್ದನ್ನು ಈ ಲೆಕ್ಕದಲ್ಲೇ ಬಿಡಿಸಿ ತೋರಿಸುತ್ತೇನೆ. ಅವರ ಪ್ರೊಡುನೋವಾ ವಾಲ್ಟಿನ (ಕೈಯೂರಿ ಚಿಮ್ಮಿ ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ) ಕಠಿಣತೆ 7.0, ಅಚ್ಚುಕಟ್ಟು 8.266. ಇಳಿದಾಗ ಮೈ ತೀರಾ ಕೆಳಗೆ ಕುಕ್ಕರಿಸಿತ್ತು. ಎರಡು ವಾಲ್ಟ್‌ಗಳ ಸರಾಸರಿ 15.066, ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ ಅವರದು 15.216. ನಡುವೆ 0.150. ಸರಾಸರಿಯಾದ್ದರಿಂದ ಒಂದೇ ವಾಲ್ಟಿನಲ್ಲಿ ಇದನ್ನು ತುಂಬಲು 0.3 ಬೇಕು, ಅಂದರೆ ಒಂದು ದೊಡ್ಡ ಹೆಜ್ಜೆಯ ಬೆಲೆ. ಈ ಲೆಕ್ಕ ಹಲಗೆಯ ಮೇಲೆ ಬರೆದ ದಿನ ಇಳಿಯುವ ಹದಿನೈದು ಸರತಿಯನ್ನು ಯಾರೂ ಕದಿಯುವುದಿಲ್ಲ.

ಶನಿವಾರ ಮಕ್ಕಳೇ ತೀರ್ಪುಗಾರರು. ನಾಲ್ವರು ಸಾಲಾಗಿ ಕೂತು ಐದನೆಯವರ ಆಟಕ್ಕೆ ಒಬ್ಬರನ್ನೊಬ್ಬರು ನೋಡದೆ ಕಡಿತ ಬರೆಯುತ್ತಾರೆ. ಅತಿ ಹೆಚ್ಚಿನದು, ಅತಿ ಕಡಿಮೆಯದು ತೆಗೆದು ಉಳಿದ ಎರಡರ ಸರಾಸರಿ ಹಿಡಿಯುತ್ತೇವೆ. ಹಾಳೆಯಲ್ಲಿ ಎಡಕ್ಕೆ ಕೌಶಲದ ಗುರುತು, ಬಲಕ್ಕೆ ಕಡಿತ, ಕೊನೆಯ ಕಾಲಂ ಇಳಿದದ್ದಕ್ಕೆ. ಆ ಹಾಳೆಗಳನ್ನು ಮಗುವಿನ ಹೆಸರಿನಲ್ಲಿ ಫೈಲ್ ಮಾಡಿ ಇಡುತ್ತೇನೆ. ಕೊನೆಯ ಕಾಲಂ ಸತತ ನಾಲ್ಕು ಶನಿವಾರ 0.1 ದಾಟದಿದ್ದರೆ ಸೋಮವಾರ ಪೆಟ್ಟಿಗೆಯ ಎತ್ತರ ಏರಿಸುತ್ತೇನೆ.