ಮಾರ್ಟಿನ್ ಗಿಟಾರ್ ಫ್ಯಾಕ್ಟರಿಗೆ ಹೋಗೋರು ಏನ್ ನೋಡ್ಬೇಕು, ಯಾರನ್ನ ಮಾತಾಡಿಸ್ಬೇಕು

ನ್ಯೂಜೆರ್ಸಿ ಕಡೆ ಇರೋ ನಮ್ಮೋರು ವೀಕೆಂಡ್ ಬಂದ್ರೆ ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಹೋಗಿ ಕ್ಯಾಂಟೀನಲ್ಲಿ ದೋಸೆ ತಿಂದು ವಾಪಸ್ ಬರ್ತಾರೆ, ಅಲ್ಲಿಂದ ಐ-78 ಹೈವೇ ಹಿಡಿದು ಸುಮಾರು ಒಂದು ಗಂಟೆ ಹೋದ್ರೆ ಪೆನ್ಸಿಲ್ವೇನಿಯಾದ ನಜರೆತ್ ಅನ್ನೋ ಸಣ್ಣ ಊರಲ್ಲಿ ಮಾರ್ಟಿನ್ ಗಿಟಾರ್ ಫ್ಯಾಕ್ಟರಿ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆದ್ರೆ ವೀಕೆಂಡಲ್ಲಿ ಹೋದ್ರೆ ಪ್ರಯೋಜನ ಇಲ್ಲ, ಟೂರ್ ಇರೋದು ವಾರದ ದಿನಗಳಲ್ಲಿ, ಕೆಲಸ ನಡೀತಿರೋವಾಗ. ಒಂದು ರಜಾ ಹಾಕಿ. ಟಿಕೆಟ್ ಮುಂಚೇನೇ ಆನ್‌ಲೈನ್‌ನಲ್ಲಿ ತಗೊಳ್ಳಿ, ಟೈಮಿಂಗ್ಸ್ ಆಗಾಗ ಬದಲಾಗುತ್ತೆ, ಹಾಗಾಗಿ ಹೊರಡೋ ಮುಂಚೆ ಇನ್ನೊಂದ್ಸಲ ಚೆಕ್ ಮಾಡ್ಕೊಳ್ಳಿ. ಕಾರ್ ಇಲ್ದೆ ಹೋಗೋದು ಕಷ್ಟ. ಕಾಲಿಗೆ ಶೂ ಇರ್ಲಿ, ಚಪ್ಪಲಿ ಬೇಡ.

ಮ್ಯೂಸಿಯಂ ಅಲ್ಲೇ ಇದೆ, ಫ್ರೀ. ಎಲ್ರೂ ಮೊದ್ಲು ಅಲ್ಲಿಗೇ ನುಗ್ತಾರೆ, ನಾನಾದ್ರೆ ಕೊನೇಲಿ ನೋಡಿ ಅಂತೀನಿ, ಯಾಕಂದ್ರೆ ಕೆಲಸ ಕಣ್ಣಾರೆ ನೋಡಿ ಬಂದ್ಮೇಲೆ ಆ ಹಳೇ ಗಿಟಾರ್‌ಗಳ ಬೆಲೆ ಗೊತ್ತಾಗುತ್ತೆ. ಇಷ್ಟು ತಿಳ್ಕೊಂಡಿದ್ರೆ ಸಾಕು: ಜರ್ಮನಿ ಕಡೆಯಿಂದ ಬಂದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಲ್ಲಿ ಅಂಗಡಿ ಶುರು ಮಾಡಿದ್ರು, ಕೆಲವೇ ವರ್ಷದಲ್ಲಿ ನಜರೆತ್‌ಗೆ ಬಂದ್ಬಿಟ್ರು, ಆಮೇಲೆ ಕಂಪನಿ ಊರು ಬಿಟ್ಟಿಲ್ಲ. ಇವತ್ತು ಅರ್ಧ ಪ್ರಪಂಚ ಬಾರಿಸೋ ಆ ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್ ಶೇಪ್ ಇವರದ್ದೇ, 1916ರದ್ದು. ಕಮ್ಮಿ ಬೆಲೆಯ ಮಾಡೆಲ್‌ಗಳು ಮೆಕ್ಸಿಕೋದ ನವೊಹೋವಾದಲ್ಲಿ ಆಗುತ್ತೆ, ನಿಮ್ಮ ಮನೇಲಿರೋ ಚಿಕ್ಕ ಟ್ರಾವೆಲ್ ಗಿಟಾರ್ ಹುಟ್ಟಿದ ಜಾಗ ಇಲ್ಲಿ ಹುಡುಕ್ಬೇಡಿ.

ಒಳಗಡೆ ಗೈಡ್ ಜೊತೆ ನಡೀಬೇಕು, ಗುಂಪು ಮುಂದೆ ಮುಂದೆ ಹೋಗ್ತಾ ಇರುತ್ತೆ, ಎಲ್ಲಾ ಕಡೆ ನಿಲ್ಲೋಕಾಗಲ್ಲ. ಹಾಗಾಗಿ ಎಲ್ಲಿ ಕಾಲು ಊರ್ಬೇಕು ಅಂತ ಮೊದ್ಲೇ ತಲೇಲಿ ಇಟ್ಕೊಳ್ಳಿ. ಪಾಲಿಶ್ ಮಾಡೋ ರೋಬೋಟ್ ಹತ್ರ ಎಲ್ರೂ ಫೋನ್ ಎತ್ತಿ ನಿಲ್ತಾರೆ, ಚೆನ್ನಾಗೇ ಇದೆ, ಆದ್ರೆ ಅದು ನಿಮ್ಮ ಜೊತೆ ಮಾತಾಡಲ್ಲ. ಬಾಡಿ ಜೋಡಿಸೋ ಟೇಬಲ್ ಹತ್ರ ಹೋಗಿ. ಸೈಡ್‌ನ ಒಳ ಅಂಚಿಗೆ ಒಂದು ತೆಳು ಮರದ ಪಟ್ಟಿ ಅಂಟಿಸ್ತಾರೆ, ಬಗ್ಗಲಿ ಅಂತ ಅದ್ರ ತುಂಬ ಗೀರು ಕೊಯ್ದಿರ್ತಾರೆ, ಗ್ಲೂ ಒಣಗೋವರೆಗೂ ಅದನ್ನ ಹಿಡ್ಕೊಂಡಿರೋದು ಏನು ಗೊತ್ತಾ, ನಾವು ಬಟ್ಟೆ ಒಣಗಿಸೋಕೆ ಹಾಕೋ ಕ್ಲಿಪ್ಪು! ಅದೇ ಮರದ ಕ್ಲಿಪ್ಪು, ಒಂದಕ್ಕೊಂದು ಒತ್ತಾಗಿ, ಸುತ್ತಲೂ. ಲಕ್ಷಗಟ್ಟಲೆ ಬೆಲೆಯ ಗಿಟಾರಿಗೂ ಅದೇ. ಸ್ವಲ್ಪ ಮುಂದೆ ಬೈಂಡಿಂಗ್, ಅಂದ್ರೆ ಅಂಚಿನ ಸುತ್ತ ಅಂಟಿಸೋ ತೆಳು ಪಟ್ಟಿ, ಕೂರ್ಲಿ ಅಂತ ಇಡೀ ಬಾಡಿಗೆ ಬಟ್ಟೆ ಪಟ್ಟಿ ಬಿಗಿದಿರ್ತಾರೆ, ಕೈ ಮುರ್ಕೊಂಡೋರಿಗೆ ಪುತ್ತೂರು ಕಟ್ಟು ಕಟ್ಟಿದ ಹಾಗೆ.

ಇನ್ನೊಂದು ಕಡೆ ಅಂದ್ರೆ ನೆಕ್ (ಗಿಟಾರಿನ ಉದ್ದನೆ ಹಿಡಿ) ಕೂರಿಸೋ ಜಾಗ. ಡವ್‌ಟೇಲ್ ಜಾಯಿಂಟು, ನಮ್ಮ ಹಳೇ ಬಡಗಿಗಳು ಪೆಟ್ಟಿಗೆ ಮೂಲೆಗೆ ಮಾಡ್ತಿದ್ದ ಅದೇ ಕಚ್ಚು. ಕೂರಿಸೋದು, ತೆಗೆಯೋದು, ಉಳೀಲಿ ಒಂಚೂರು ಕೆರೆಯೋದು, ಮತ್ತೆ ಕೂರಿಸೋದು, ಗ್ಲೂ ಹಾಕೋ ಮುಂಚೇನೇ ಅದು ಬಿಗಿಯಾಗಿ ನಿಲ್ಬೇಕು, ಕೋನ ಸ್ವಲ್ಪ ತಪ್ಪಿದ್ರೂ ತಂತಿ ಎತ್ತರ ಕೆಟ್ಟು ಬಾರಿಸೋನ ಬೆರಳು ನೋಯುತ್ತೆ. ಮಷೀನ್ ಕತ್ತರಿಸಿ ಕೊಟ್ಟಿರುತ್ತೆ ನಿಜ, ಕೊನೇ ಕೆರೆತ ಮಾತ್ರ ಕೈದೇ.

ಮಾತಾಡಿಸೋದು ಹೇಗೆ? ಉಳಿ ಕೈಲಿರೋವಾಗ ಬೇಡ. ಪೀಸ್ ಕೆಳಗಿಟ್ಟಾಗ ಹಾಯ್ ಅನ್ನಿ, ಫೋಟೋ ತೆಗೀಬೋದಾ ಅಂತ ಕೇಳಿ. 'ಎಷ್ಟು ವರ್ಷದಿಂದ ಇದೀರ' ಅಂತ ಎಲ್ರೂ ಕೇಳ್ತಾರೆ, ಅವರಿಗೂ ಸಾಕಾಗಿರುತ್ತೆ. ಅದ್ರ ಬದ್ಲು 'ಇದು ಕೆಟ್ಟಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ' ಅಂತ ಕೇಳಿ ನೋಡಿ, ಮುಖಾನೇ ಬದಲಾಗುತ್ತೆ, ಬೆಳಕಿಗೆ ಹಿಡಿದು ತೋರಿಸ್ತಾರೆ, ಬೆರಳಲ್ಲಿ ತಟ್ಟಿ ಕೇಳಿಸ್ತಾರೆ. ನೀವು ಬಾರಿಸ್ತೀರಾ ಅಂತಾನೂ ಕೇಳಿ. ಸಂಬಳದ ವಿಷಯ ನಮ್ಮೂರಲ್ಲಿ ಕೇಳಿದ ಹಾಗೆ ಅಲ್ಲಿ ಕೇಳ್ಬೇಡಿ ಮಾರಾಯ್ರೆ.

ನಮ್ಮೋರಿಗೆ ಮಾತು ಶುರು ಮಾಡೋಕೆ ಒಂದು ಸುಲಭ ದಾರಿ ಇದೆ: ಮರ. ಬ್ರೆಜಿಲ್ ರೋಸ್‌ವುಡ್ ಸಿಗೋದು ಕಷ್ಟ ಆದಾಗ, 1969ರಲ್ಲಿ, ಇವರು ಈಸ್ಟ್ ಇಂಡಿಯನ್ ರೋಸ್‌ವುಡ್‌ಗೆ ಬಂದ್ರು, ಅಂದ್ರೆ ನಮ್ಮ ಬೀಟೆ. ಕೊಡಗು, ಮಲೆನಾಡಲ್ಲಿ ಕಾಫಿ ತೋಟದ ನೆರಳಿಗೆ ನಿಂತಿರೋ, ಅಜ್ಜನ ಮನೆ ಮಂಚಕ್ಕೆ ಹಾಕಿರ್ತಾರಲ್ಲ, ಅದೇ ಜಾತಿ. ಇವರ ಹೆಸರುವಾಸಿ ಮಾಡೆಲ್ ಡಿ-28ರ ಹಿಂಭಾಗ, ಸೈಡು ಎರಡೂ ಅದೇ. ನಮ್ಮ ಕಡೆ ಬೆಳೆಯೋ ಮರ ಅಂತ ಹೇಳಿದ್ರೆ, ಮರ ಆರಿಸೋರಿಗೆ ನಿಮ್ಮ ಹತ್ರಾನೇ ಕೇಳೋಕೆ ಪ್ರಶ್ನೆ ಇರುತ್ತೆ.

ಅಲ್ಲೇ ಶಾಪಲ್ಲಿ ಏನಾದ್ರೂ ಕೊಂಡ್ಕೊಂಡು ಊರಿಗೆ ತರೋ ಯೋಚನೆ ಇದ್ರೆ ಹ್ಯುಮಿಡಿಟಿ ಬಗ್ಗೆ ಕೇಳಿ. ಫ್ಯಾಕ್ಟರಿ ಒಳಗೆ 45-50 ಪರ್ಸೆಂಟ್ ಆಸುಪಾಸಲ್ಲಿ ಇಟ್ಟಿರ್ತಾರೆ, ಮಂಗಳೂರಿನ ಜುಲೈಗೆ ಗಿಟಾರ್ ಹೊಟ್ಟೆ ಉಬ್ಬಿಸ್ಕೊಳ್ಳುತ್ತೆ, ಕಲಬುರಗಿ ಏಪ್ರಿಲ್‌ಗೆ ಬಿರುಕು ಬಿಡುತ್ತೆ, ಕೇಸ್ ಒಳಗೆ ಹಾಕೋ ಹ್ಯುಮಿಡಿಟಿ ಪ್ಯಾಕ್ ಜೊತೇಲೇ ತಗೊಳ್ಳಿ. 2019ರಿಂದ ಬೀಟೆಯ ರೆಡಿ ವಾದ್ಯಗಳಿಗೆ ಸೈಟಿಸ್ (ಅಪಾಯದಲ್ಲಿರೋ ಮರ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರ್ಮಿಟ್ ಬೇಕಾಗಿಲ್ಲ, ಹಳೇ ಬ್ರೆಜಿಲ್ ರೋಸ್‌ವುಡ್ ಪೀಸ್ ಆದ್ರೆ ಮಾತ್ರ ಪೇಪರ್ ಇಲ್ದೆ ಗಡಿ ದಾಟಿಸೋ ಸಾಹಸ ಮಾಡ್ಬೇಡಿ.