ಹಣ್ಣು ಕಾಪಿ ಹಿಡಿಯುವ ಗೇಮ್: ಕೊಡಗಿನಲ್ಲಿ ಐದು ಬೆಳಗಿನ ಕೋಡಿಂಗ್ ಶಿಬಿರ ನಡೆಸುವುದು ಹೇಗೆ

ಮಡಿಕೇರಿಯಾಗಲಿ ಗೋಣಿಕೊಪ್ಪವಾಗಲಿ, ಏಪ್ರಿಲ್-ಮೇ ರಜೆಯಲ್ಲಿ ಶಿಬಿರ ಇಡುವವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಸಮಯ. ಗುಡುಗು-ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಬೆಳಿಗ್ಗೆ 9.30ರಿಂದ 12.30ರವರೆಗೆ ಇಟ್ಟರೆ ತೋಟದ ಕಡೆಯಿಂದ ಬರುವ ಮಕ್ಕಳು ಮಳೆಗೆ ಮುಂಚೆ ಮನೆ ಸೇರುತ್ತಾರೆ. ದೂರದಲ್ಲಿ ಗುಡುಗಿದರೂ ಚಾರ್ಜರ್‌ಗಳನ್ನು ಪ್ಲಗ್ಗಿನಿಂದಲೇ ಕಿತ್ತುಬಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

9ರಿಂದ 13 ವಯಸ್ಸಿನ 12 ಮಕ್ಕಳು, 6 ಲ್ಯಾಪ್‌ಟಾಪ್, ಹೇಳಿಕೊಡಲು ಇಬ್ಬರು. ಲ್ಯಾಪ್‌ಟಾಪಿಗೆ ಇಬ್ಬರು ಮಕ್ಕಳು ಕೂರಲಿ: ಒಬ್ಬರು ಹೇಳುವುದು, ಇನ್ನೊಬ್ಬರು ಮಾಡುವುದು, 15 ನಿಮಿಷಕ್ಕೊಮ್ಮೆ ಅದಲುಬದಲು. ಗಡಿಯಾರ ನೋಡಿ ಬದಲಿಸದಿದ್ದರೆ ಮೌಸ್ ಜೋರಿನವರ ಕೈಯಲ್ಲೇ ಉಳಿಯುತ್ತದೆ. ಕರೆಂಟ್ ಹೋದಾಗಿನ ಲೆಕ್ಕ ಹೀಗೆ: 45 ವ್ಯಾಟ್‌ನ ಆರು ಚಾರ್ಜರ್ ಎಂದರೆ ಹೆಚ್ಚೆಂದರೆ 270 ವ್ಯಾಟ್. 12 ವೋಲ್ಟ್, 150 ಆಂಪಿಯರ್-ಅವರ್‌ನ ಇನ್ವರ್ಟರ್ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸಿದರೂ 900 ವ್ಯಾಟ್-ಅವರ್ ಸಿಗುತ್ತದೆ. ನಡುವೆ ಆಗುವ ನಷ್ಟ ಕಳೆದರೂ ಎರಡೂವರೆ ಗಂಟೆಗೆ ಮೋಸವಿಲ್ಲ.

ಇಂಟರ್ನೆಟ್ ನಂಬಬೇಡಿ. ಬ್ಲಾಕ್ ಜೋಡಿಸಿ ಗೇಮ್ ಮಾಡುವ ಸ್ಕ್ರ್ಯಾಚ್‌ನ ಆಫ್‌ಲೈನ್ ಆ್ಯಪನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಹಿಂದಿನ ದಿನವೇ ಎಲ್ಲ ಲ್ಯಾಪ್‌ಟಾಪಿಗೂ ಹಾಕಿ, ತೆರೆದು ನೋಡಿ.

ಮೊದಲ ಮೂರು ದಿನ ಒಂದೇ ಗೇಮ್: ಮೇಲಿಂದ ಕೆಂಪು ಹಣ್ಣು ಕಾಪಿ (ಮಾಗಿದ ಕಾಫಿ ಹಣ್ಣು) ಬೀಳುತ್ತದೆ, ಕೆಳಗೆ ಬುಟ್ಟಿ. ಹಸಿರು ಕಾಯಿ ಹಿಡಿದರೆ ಅಂಕ ಕಡಿಮೆ. ಇದರ ನಿಯಮವನ್ನು ಇಲ್ಲಿನ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಸ್ಕ್ರ್ಯಾಚ್‌ನ ವೇದಿಕೆ ಎಕ್ಸ್ (ಅಡ್ಡ) ದಿಕ್ಕಿನಲ್ಲಿ −240ರಿಂದ 240, ವೈ (ಮೇಲೆ-ಕೆಳಗೆ) ದಿಕ್ಕಿನಲ್ಲಿ −180ರಿಂದ 180. ಇದನ್ನು ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮಕ್ಕಳನ್ನೇ ನಡೆಸಿ. ಋಣ ಸಂಖ್ಯೆಯ ಗೊಂದಲ ಅಲ್ಲೇ ಮುಗಿಯುತ್ತದೆ. ಹಣ್ಣು ಎಕ್ಸ್‌ನಲ್ಲಿ −220ರಿಂದ 220ರೊಳಗೆ ಎಲ್ಲಾದರೂ, ವೈ 170ರಿಂದ ಹೊರಡಲಿ. ಕೋಡ್ ಓಡುವ ಪ್ರತಿ ಸುತ್ತಿಗೆ ವೈ 5 ಇಳಿಯಲಿ. −165 ದಾಟಿದರೆ ಮತ್ತೆ ಮೇಲಕ್ಕೆ.

ಎರಡು ಕಡೆ ಎಲ್ಲರೂ ಎಡವುತ್ತಾರೆ. ಒಂದು, ಬುಟ್ಟಿ ತಡೆತಡೆದು ಓಡುತ್ತದೆ. ‘ಬಾಣದ ಕೀ ಒತ್ತಿದಾಗ’ ಎಂಬ ಹಳದಿ ಬ್ಲಾಕ್ ಬಳಸಿದ್ದೇ ಕಾರಣ. ಕೀ ಒತ್ತಿ ಹಿಡಿದಾಗ ಕಂಪ್ಯೂಟರ್ ಮೊದಲ ಅಕ್ಷರದ ನಂತರ ಸ್ವಲ್ಪ ತಡೆದು ಮುಂದಿನದನ್ನು ಕಳಿಸುತ್ತದೆ. ಆ ತಡೆಯೇ ಬುಟ್ಟಿಯಲ್ಲೂ ಕಾಣುತ್ತದೆ. ‘ಫಾರೆವರ್’ (ಸದಾ ಮಾಡುತ್ತಿರು) ಬ್ಲಾಕಿನ ಒಳಗೆ ‘ಇಫ್’ (ಹೀಗಿದ್ದರೆ) ಇಟ್ಟು, ಕೀ ಒತ್ತಿದೆಯೇ ಎಂದು ಕೇಳಿಸಿದರೆ ಸರಾಗ. ಇನ್ನೊಂದು, ಒಂದು ಹಣ್ಣಿಗೆ ಏಳೆಂಟು ಅಂಕ. ಸ್ಕ್ರ್ಯಾಚ್ ಸೆಕೆಂಡಿಗೆ 30 ಸಲ ನೋಡುತ್ತದೆ. ಹಣ್ಣು ಬುಟ್ಟಿಗೆ ತಾಗಿಕೊಂಡಿರುವಷ್ಟು ಹೊತ್ತೂ ಅಂಕ ಏರುತ್ತದೆ. ಅಂಕ ಕೊಟ್ಟ ತಕ್ಷಣ ಹಣ್ಣನ್ನು ಮೇಲಕ್ಕೆ ಕಳಿಸಿ. ಉತ್ತರ ಬಾಯಿಬಿಟ್ಟು ಹೇಳಬೇಡಿ. ಹಣ್ಣಿನ ವೇಗವನ್ನು 1ಕ್ಕೆ ಇಳಿಸಿ ಅಂಕ ಏರುವುದನ್ನು ನೋಡಲು ಬಿಡಿ, ಅವರೇ ಹಿಡಿಯುತ್ತಾರೆ.

ದನಿಯನ್ನು ಮಕ್ಕಳೇ ರೆಕಾರ್ಡ್ ಮಾಡಲಿ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಯಾವುದಾದರೂ ಸರಿ. ಆನೆ ಬಂತೆಂದು ಕಿರುಚುವುದನ್ನೇ ಬಹಳ ಮಂದಿ ಹಾಕುತ್ತಾರೆ.

ನಾಲ್ಕನೇ ದಿನ ಇಂಜಿನಿಯರಿಂಗ್: ಬುಟ್ಟಿ ಓಡಿಸುವ ರಟ್ಟಿನ ಕಂಟ್ರೋಲರ್. ಆರ್ಡುಯಿನೋ (ಕೋಡ್ ತುಂಬಿ ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಲಿಯೊನಾರ್ಡೋ ಅಥವಾ ಪ್ರೋ ಮೈಕ್ರೋದಂಥ ಬೋರ್ಡೇ ಬೇಕು; ಇವು ಕಂಪ್ಯೂಟರಿಗೆ ಕೀಬೋರ್ಡಾಗಿ ಕಾಣುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಊನೋ ಆರ್3 ತಂದರೆ ಕೀಬೋರ್ಡ್ ಲೈಬ್ರರಿ (ಕೀ ಕಳಿಸುವ ಸಿದ್ಧ ಕೋಡ್) ಓಡುವುದಿಲ್ಲ. ಒಂದು ಗುಂಡಿಗೆ ಅಂಗೈ ಅಗಲದ ಎರಡು ರಟ್ಟು, ಒಳಮುಖಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ನಡುವೆ ತೂತು ಮಾಡಿದ ತೆಳು ಸ್ಪಾಂಜ್. ಒಂದು ಫಾಯಿಲ್ ಗ್ರೌಂಡಿಗೆ, ಇನ್ನೊಂದು ಎಡದ ಗುಂಡಿಗಾದರೆ 4ನೇ ಪಿನ್ನಿಗೆ; ಬಲದ ಗುಂಡಿಗೆ 5ನೇ ಪಿನ್. ಫಾಯಿಲಿಗೆ ಬೆಸುಗೆ ಹಿಡಿಯುವುದಿಲ್ಲ, ಮೊಸಳೆ ಕ್ಲಿಪ್ ಬಳಸಿ. ಬರೀ ಬೆರಳು ಮುಟ್ಟಿಸಿ ಆಡಲು ನೋಡುತ್ತಾರೆ, ಆಗುವುದಿಲ್ಲ: ಬೋರ್ಡಿನೊಳಗಿನ ಪುಲ್-ಅಪ್ ರೋಧ (ಗುಂಡಿ ಒತ್ತದಿರುವಾಗ ಪಿನ್ನನ್ನು ಮೇಲಿನ ವೋಲ್ಟೇಜಿನಲ್ಲಿ ಹಿಡಿದಿಡುವುದು) 20ರಿಂದ 50 ಕಿಲೋ ಓಮ್, ಒಣ ಚರ್ಮದ್ದು ಅದಕ್ಕಿಂತ ಬಹಳ ಹೆಚ್ಚು.

ಬೋರ್ಡಿನ ಕೋಡ್‌ನಲ್ಲಿ ಪಿನ್‌ಗಳನ್ನು ಇನ್‌ಪುಟ್ ಪುಲ್-ಅಪ್ ಎಂದು ಇಟ್ಟರೆ ಗುಂಡಿ ಒತ್ತಿದಾಗ ‘ಲೋ’ (ಕೆಳಗಿನ ವೋಲ್ಟೇಜ್) ಬರುತ್ತದೆ. ಆಗ ಬಾಣದ ಕೀ ಪ್ರೆಸ್, ಬಿಟ್ಟಾಗ ರಿಲೀಸ್. ಸುತ್ತಿನ ಕೊನೆಗೆ 20 ಮಿಲಿಸೆಕೆಂಡ್ ಡಿಲೇ. ರಿಲೀಸ್ ಮರೆತರೆ ಬುಟ್ಟಿ ಗೋಡೆಗೆ ಅಂಟಿಕೊಳ್ಳುತ್ತದೆ. 7ನೇ ಪಿನ್ನಿಗೆ ಗ್ರೌಂಡ್ ತಂತಿ ಸಿಕ್ಕಿಸಿದ್ದರೆ ಮಾತ್ರ ಕೀ ಕಳಿಸುವಂತೆ ಬರೆಯುವುದು ಕಡ್ಡಾಯ. ತಪ್ಪು ಕೋಡ್ ಸಿಕ್ಕಾಪಟ್ಟೆ ಕೀ ಒತ್ತತೊಡಗಿದಾಗ ಸರಿಪಡಿಸಲೂ ಬಿಡುವುದಿಲ್ಲ. ತಂತಿ ಕಿತ್ತರೆ ನಿಲ್ಲುತ್ತದೆ. ರಾತ್ರಿ ರಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಥಂಡಿಗೆ ಮೆತ್ತಗಾದರೆ ಎರಡು ಫಾಯಿಲ್ ಸದಾ ತಾಗಿಕೊಂಡು, ಬೆಳಿಗ್ಗೆ ಗುಂಡಿ ಒತ್ತದೆಯೇ ಬುಟ್ಟಿ ಓಡುತ್ತದೆ.

ಐದನೇ ದಿನ ಅಪ್ಪ-ಅಮ್ಮಂದಿರಿಗೆ ಆಡಲು ಬಿಡಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳ ಗೇಮನ್ನು ಟರ್ಬೋವಾರ್ಪ್ ಪ್ಯಾಕೇಜರ್ ಎಂಬ ತಂತ್ರಾಂಶದಲ್ಲಿ, ಬ್ರೌಸರಿನಲ್ಲಿ ತೆರೆಯುವ ಒಂದೇ ಎಚ್‌ಟಿಎಂಎಲ್ ಫೈಲ್ ಮಾಡಿ ಫೋನಿಗೆ ಕಳಿಸಬಹುದು. ಆದರೆ ಫೋನಿನಲ್ಲಿ ಬಾಣದ ಕೀ ಇಲ್ಲ. ಕಳಿಸುವ ಮೊದಲು ಬುಟ್ಟಿಯ ಎಕ್ಸ್ ‘ಮೌಸ್ ಎಕ್ಸ್’ ಅನ್ನು ಹಿಂಬಾಲಿಸುವಂತೆ ಬದಲಿಸಿ, ಬೆರಳು ಎಳೆದ ಕಡೆಗೆ ಬುಟ್ಟಿ ಹೋಗುತ್ತದೆ.